ಪಚ್ಚಿಲೆ ನೀರೊಳಗೇ ಬಂಡೆಗೆ ಅಂಟೋದು ಹೇಗೆ? ಅಂಥ ಗಮ್ ನಮ್ಗೆ ಮಾಡೋಕಾಗಲ್ವಾ?

ಪಡುಗಾಳಿ_ಬೈಂದೂರು:

ಎಲ್ರಿಗೂ ನಮಸ್ಕಾರ. ಅಣ್ಣಂದು ಒಂದು ಸಣ್ಣ ಫೈಬರ್ ದೋಣಿ ಇದೆ, ಅದ್ರ ಅಡೀಲಿ ಎಲ್ಲಾದ್ರೂ ಒಂಚೂರು ಬಿರುಕು ಬಿಟ್ರೆ ಸಾಕು, ದಡಕ್ಕೆ ಎಳೀಬೇಕು, ಉಪ್ಪು ಹೋಗೋ ಹಾಗೆ ತೊಳೀಬೇಕು, ಬಿಸಿಲಲ್ಲಿ ಪೂರ್ತಿ ಒಣಗಿಸ್ಬೇಕು, ಆಮೇಲೆ ಉಜ್ಜಿ ರೆಸಿನ್ ಹಚ್ಚೋದು, ಅಷ್ಟೆಲ್ಲ ಮಾಡಿದ್ಮೇಲೂ ಒಳಗೆ ಸ್ವಲ್ಪ ಹಸಿ ಉಳಿದಿದ್ರೆ ಪ್ಯಾಚ್ ಎದ್ದು ಬರುತ್ತೆ. ಆದ್ರೆ ಅದೇ ಕಡಲಲ್ಲಿ ಪಚ್ಚಿಲೆ (ಎರಡು ಚಿಪ್ಪಿನ ಪ್ರಾಣಿ, ಇಂಗ್ಲಿಷಲ್ಲಿ ಮಸೆಲ್) ಅಲೆ ಬಡಿಯೋ ಬಂಡೆಗೆ ನೀರಲ್ಲೇ ಕಚ್ಕೊಂಡು ಕೂತಿರುತ್ತೆ, ಮಳೆಗಾಲದ ಕಡಲಿಗೂ ಜಗ್ಗಲ್ಲ, ಕೀಳೋಕೆ ಕಬ್ಬಿಣದ ಉಳಿ ಬೇಕು.

ಮನೇಲಿ ಪಚ್ಚಿಲೆ ಕ್ಲೀನ್ ಮಾಡಿದವ್ರಿಗೆ ಗೊತ್ತಿರುತ್ತೆ, ಚಿಪ್ಪಿನ ಸಂದಿಯಿಂದ ಕಂದು ಬಣ್ಣದ ನಾರಿನ ಕುಚ್ಚು ಹೊರಗೆ ಬಂದಿರುತ್ತೆ, ಅದನ್ನ ಹಿಡಿದು ಎಳೆದು ಬಿಸಾಕ್ತೀವಿ. ಈ ಸಲ ಸುಮ್ನೆ ಬಿಡಿಸಿ ನೋಡ್ದೆ. ಒಂದೊಂದು ಎಳೆ ತುದೀಲೂ ಎರಡ್ಮೂರು ಮಿಲಿಮೀಟರ್ ಅಗಲದ ಚಪ್ಪಟೆ ಬಿಲ್ಲೆ ಇದೆ, ಕೆಲವು ಬಿಲ್ಲೆಗಳಿಗೆ ಬಂಡೆ ಚೂರು ಇನ್ನೂ ಅಂಟ್ಕೊಂಡೇ ಇತ್ತು, ಅಂದ್ರೆ ಕಲ್ಲು ಒಡೆದಿದೆ, ಗಮ್ ಬಿಟ್ಟಿಲ್ಲ! ಉಗುರಲ್ಲಿ ಕೆರೆದ್ರೂ ಬರ್ಲಿಲ್ಲ.

ನನ್ನ ಪ್ರಶ್ನೆ ಏನಂದ್ರೆ, ಫೆವಿಕಾಲ್ ಆಗ್ಲಿ ರೆಸಿನ್ ಆಗ್ಲಿ ನೀರು ಕಂಡ್ರೆ ಸೋಲುತ್ತೆ, ಇದಕ್ಕೆ ಮಾತ್ರ ನೀರಲ್ಲಿ ಹೇಗೆ ಸಾಧ್ಯ? ಇದನ್ನ ನೋಡಿ ಯಾರಾದ್ರೂ ಗಮ್ ಮಾಡಿದಾರಾ, ಅದು ನಮ್ಮಂಥವ್ರ ಕೈಗೆ ಬರುತ್ತಾ?

ಕ್ಯಾಟೆಕಾಲ್:

ಬಯೋಕೆಮಿಸ್ಟ್ರಿ ಪಾಠ ಮಾಡೋದು ನನ್ನ ಕೆಲಸ, ಈ ವಿಷ್ಯ ಅಂದ್ರೆ ಪ್ರಾಣ, ಅದಕ್ಕೆ ಸ್ವಲ್ಪ ಉದ್ದ ಬರೀತೀನಿ.

ಮೊದ್ಲು ನಮ್ಮ ಗಮ್ ಯಾಕೆ ಸೋಲುತ್ತೆ ನೋಡಿ. ಫೆವಿಕಾಲ್ ಥರದ ಬಿಳಿ ಗಮ್ ಗಟ್ಟಿಯಾಗೋದೇ ಅದರೊಳಗಿನ ನೀರು ಆರಿ ಹೋದಾಗ, ನೀರೊಳಗೆ ಅದು ಆರೋದೆಲ್ಲಿಂದ. ರೆಸಿನ್‌ಗೆ ಆ ತೊಂದ್ರೆ ಇಲ್ಲ, ಆದ್ರೆ ಬೇರೆ ಇದೆ: ಒದ್ದೆ ಕಲ್ಲಿನ ಮೇಲೋ ಫೈಬರ್ ಮೇಲೋ ನೀರಿನ ಅಣುಗಳದ್ದು ಒಂದು ತೆಳು ಪದರ ಬಿಗಿಯಾಗಿ ಕೂತಿರುತ್ತೆ, ಸಮುದ್ರದಲ್ಲಾದ್ರೆ ಅದ್ರ ಜೊತೆ ಉಪ್ಪಿನ ಅಯಾನುಗಳೂ (ಚಾರ್ಜ್ ಇರೋ ಕಣಗಳು) ಇರ್ತವೆ. ಗಮ್ ಹೋಗಿ ಅಂಟೋದು ಆ ನೀರಿನ ಪದರಕ್ಕೆ, ಕಲ್ಲಿಗಲ್ಲ. ಅದಕ್ಕೇ ಎದ್ದು ಬರೋದು.

ಪಚ್ಚಿಲೆಗೆ ನಾಲಿಗೆ ಆಕಾರದ ಒಂದು ಪಾದ ಇದೆ. ಅದನ್ನ ಹೊರಗೆ ಚಾಚಿ ಬಂಡೆ ತಡವಿ ನೋಡಿ ಜಾಗ ಸರಿ ಅನ್ಸಿದ್ರೆ ತುದೀನ ಒತ್ತಿ ಹಿಡಿಯುತ್ತೆ. ಪಾದದ ತುದೀಲಿ ಒಂದು ಸಣ್ಣ ಗುಳಿ, ಉದ್ದಕ್ಕೂ ಒಂದು ತೋಡು. ಗುಳಿ ಒಳಗೆ ಸುರಿದ ಪ್ರೋಟೀನ್ ಬಿಲ್ಲೆ ಆಗುತ್ತೆ, ತೋಡಿನ ಒಳಗೆ ಸುರಿದದ್ದು ನಾರು ಆಗುತ್ತೆ, ಕೆಲವೇ ನಿಮಿಷದಲ್ಲಿ ಪಾದ ಎತ್ತಿದ್ರೆ ಒಂದು ಎಳೆ ರೆಡಿ. ಹೀಗೇ ಒಂದೊಂದಾಗಿ ಹತ್ತಾರು ಎಳೆ ಹಾಕುತ್ತೆ.

ಆ ಪ್ರೋಟೀನಿನಲ್ಲಿ ಡೋಪಾ ಅನ್ನೋ ಅಮೈನೋ ಆಸಿಡ್ (ಪ್ರೋಟೀನ್ ಕಟ್ಟೋ ಇಟ್ಟಿಗೆ) ತುಂಬಿದೆ. ಟೈರೋಸಿನ್ ಅಂತ ನಮ್ಮ ಮೈಯಲ್ಲೂ ಇರೋದಕ್ಕೆ ಇನ್ನೊಂದು ಹೈಡ್ರಾಕ್ಸಿಲ್ (ಆಕ್ಸಿಜನ್-ಹೈಡ್ರೋಜನ್ ಜೋಡಿ) ಸೇರಿಸಿದ್ರೆ ಡೋಪಾ, ಅಣುವಿನ ಒಂದೇ ಕಾರ್ಬನ್ ಉಂಗುರದ ಮೇಲೆ ಅಕ್ಕಪಕ್ಕ ಎರಡು ಹೈಡ್ರಾಕ್ಸಿಲ್, ಅದಕ್ಕೆ ಕ್ಯಾಟೆಕಾಲ್ ಅಂತಾರೆ (ನನ್ನ ಹೆಸರು ಅದೇ). ಇವೆರಡೂ ಸೇರಿ ಕಲ್ಲಿನ ಮೇಲ್ಮೈನ ಹಿಡ್ಕೊಳ್ತವೆ. ಅಮೆರಿಕದ ಹರ್ಬರ್ಟ್ ವೇಟ್ ಅನ್ನೋ ವಿಜ್ಞಾನಿ ಇದನ್ನ 1981ರಲ್ಲಿ ಪ್ರಕಟಿಸಿದ್ರು, ಅಲ್ಲಿಂದ ಈ ಕ್ಷೇತ್ರ ಶುರು. ಡೋಪಾ ಪಕ್ಕದಲ್ಲಿ ಲೈಸಿನ್ ಅನ್ನೋ ಪಾಸಿಟಿವ್ ಚಾರ್ಜಿನ ಅಮೈನೋ ಆಸಿಡ್ ಕೂತಿರೋದೂ ಮುಖ್ಯ, ಅದು ಮೊದ್ಲು ಹೋಗಿ ಮೇಲ್ಮೈಲಿರೋ ಉಪ್ಪಿನ ಅಯಾನುಗಳನ್ನ ಪಕ್ಕಕ್ಕೆ ತಳ್ಳಿ ಜಾಗ ಮಾಡುತ್ತೆ, ಹಿಂದೆಯೇ ಡೋಪಾ ಕೂರುತ್ತೆ.

ಆದ್ರೆ ಡೋಪಾ ಇದ್ರೆ ಸಾಕು ಅಂತ ಎಲ್ಲಾ ಕಡೆ ಬರೀತಾರಲ್ಲ, ಅದು ಅರ್ಧ ಕತೆ. ಸಮುದ್ರದ ನೀರಿನ ಪಿಎಚ್ (ಹುಳಿ-ಕ್ಷಾರದ ಅಳತೆ, 7ಕ್ಕಿಂತ ಕೆಳಗೆ ಹುಳಿ, ಮೇಲೆ ಕ್ಷಾರ) ಸುಮಾರು 8, ಆ ಕ್ಷಾರದಲ್ಲಿ ಡೋಪಾ ಆಕ್ಸಿಡೈಸ್ ಆಗಿ ಕ್ವಿನೋನ್ ಅನ್ನೋ ಬೇರೆ ವಸ್ತು ಆಗ್ಬಿಡುತ್ತೆ, ಆಗ ಕಲ್ಲನ್ನ ಹಿಡಿಯೋ ಶಕ್ತಿ ಹೋಗುತ್ತೆ. ಮನೇಲಿ ಬಾಳೆಕಾಯಿ, ಬದನೆಕಾಯಿ ಹೆಚ್ಚಿದ ತಕ್ಷಣ ಕಪ್ಪಾಗುತ್ತಲ್ಲ, ಅದೂ ಇದೇ ಕೆಮಿಸ್ಟ್ರಿ, ಕ್ಯಾಟೆಕಾಲ್ ಜಾತಿಯವು ಕ್ವಿನೋನ್ ಆಗೋದು. ಅದಕ್ಕೆ ಏನ್ ಮಾಡ್ತೀವಿ, ಹೆಚ್ಚಿ ಹೆಚ್ಚಿ ಮಜ್ಜಿಗೆ ನೀರಿಗೆ ಹಾಕ್ತೀವಿ, ಹುಳಿ ಇದ್ರೆ ಕಪ್ಪಾಗೋದು ನಿಧಾನ ಆಗುತ್ತೆ. ಪಚ್ಚಿಲೆ ಮಾಡೋದೂ ಅದನ್ನೇ! ಪಾದದ ಗುಳಿ ಒಳಗೆ ಪಿಎಚ್‌ನ 5ಕ್ಕಿಂತ ಕೆಳಗೆ ಇಳಿಸಿ ಹುಳಿ ಮಾಡುತ್ತೆ, ಜೊತೆಗೆ ಗಂಧಕ ಇರೋ ಇನ್ನೊಂದು ಪ್ರೋಟೀನ್ ಬಿಟ್ಟು ಡೋಪಾ ಹಾಳಾಗದ ಹಾಗೆ ಕಾಯುತ್ತೆ. ಕಲ್ಲನ್ನ ಹಿಡಿದಾಯ್ತು ಅಂದ್ಮೇಲೆ ಪಾದ ಎತ್ತುತ್ತೆ, ಸಮುದ್ರದ ನೀರು ಒಳಗೆ ಬರುತ್ತೆ, ಪಿಎಚ್ ಏರುತ್ತೆ, ಆಗ ಮಿಕ್ಕ ಡೋಪಾಗಳು ಕ್ವಿನೋನ್ ಆಗಿ ಒಂದಕ್ಕೊಂದು ಬೆಸ್ಕೊಂಡು, ಕೆಲವು ಕಬ್ಬಿಣದ ಅಯಾನುಗಳ ಸುತ್ತ ಸೇರ್ಕೊಂಡು, ಇಡೀ ಬಿಲ್ಲೆ ಗಟ್ಟಿ ಆಗುತ್ತೆ. ಮೊದ್ಲು ಹಾಳು ಮಾಡ್ತಿದ್ದ ರಿಯಾಕ್ಷನ್ನೇ ಆಮೇಲೆ ಬೇಕಾಗೋದು, ಆದ್ರೆ ಸರಿಯಾದ ಹೊತ್ತಿಗೆ.

ಇನ್ನೊಂದು ಖುಷಿ ವಿಷ್ಯ, ನಮ್ಮ ಹಸಿರು ಪಚ್ಚಿಲೆ, ಅಂದ್ರೆ ಪೆರ್ನಾ ವಿರಿಡಿಸ್, ಅದೇ ಜಾತಿಯನ್ನ ಇಟ್ಕೊಂಡು ಸಿಂಗಾಪುರದ ನಾನ್ಯಾಂಗ್ ಟೆಕ್ನಾಲಜಿಕಲ್ ಯೂನಿವರ್ಸಿಟಿಯವ್ರು 2015ರಲ್ಲಿ ತೋರಿಸಿದ್ರು, ಈ ಪ್ರೋಟೀನುಗಳೆಲ್ಲ ಒಟ್ಟಿಗೆ ಬರಲ್ಲ, ಸರದಿ ಪ್ರಕಾರ ಬರ್ತವೆ, ನೀರನ್ನ ಸರಿಸಿ ಕಲ್ಲು ಹಿಡಿಯೋದು ಮೊದ್ಲು ಬರುತ್ತೆ, ಉಳಿದವು ಆಮೇಲೆ. ನನ್ನ ಪ್ರಕಾರ ಪಚ್ಚಿಲೆ ಹತ್ರ ಕಲೀಬೇಕಾದ್ದು ಈ ಸರದಿಯನ್ನ.

ಹೊಲಿಗೆ_ಹುಬ್ಬಳ್ಳಿ:

ನಾನು ಸರ್ಜರಿ ಪಿಜಿ ಮಾಡಾಕತ್ತೇನಿ, ಈ ಗಮ್ ಯಾರಿಗೆ ಬೇಕೋ ಬ್ಯಾಡೋ ನಮಗಂತೂ ಬೇಕ್ರಿ. ಮೈ ಒಳಗ ಎಲ್ಲಾನೂ ಹಸೀನೇ, ಒಣಗಿಸ್ತೀನಿ ಅಂದ್ರ ಆಗಂಗಿಲ್ಲ. ಲಿವರ್ ಹರಿದು ಬಂದ ಆಕ್ಸಿಡೆಂಟ್ ಪೇಷಂಟ್ ನೋಡಿದವ್ರಿಗೆ ಗೊತ್ತು, ಅದು ಎಷ್ಟು ಮೆತ್ತಗ ಇರ್ತದ ಅಂದ್ರ ಹೊಲಿಗಿ ಹಾಕಿ ದಾರ ಬಿಗಿ ಮಾಡಿದ್ರ ದಾರಾನೇ ಲಿವರ್‌ನ ಕೊರ್ಕೊಂಡು ಬರ್ತದ, ಮತ್ತ ರಕ್ತ. ಒತ್ತಿ ಹಿಡಿದು ಪ್ಯಾಕ್ ಮಾಡಿ ಕೂಡೋದು, ಇಲ್ಲಾ ಕರೆಂಟಿಲೆ ಸುಡೋದು.

ಈಗ ಇರೋ ಗಮ್ ಯಾವು ಅಂದ್ರ, ಒಂದು ಸೈನೋಅಕ್ರಿಲೇಟ್, ಫೆವಿಕ್ವಿಕ್ ಜಾತಿದು, ಅದರ ಮೆಡಿಕಲ್ ರೂಪಕ್ಕ ಅಮೆರಿಕದಾಗ 1998ರಾಗ ಪರವಾನಗಿ ಸಿಕ್ತು, ಚರ್ಮದ ಮ್ಯಾಲಿನ ಗಾಯಕ್ಕ ಭಾಳ ಚಲೋ, ಆದ್ರ ಒಳಗ ಹಾಕೂ ಹಂಗಿಲ್ಲ, ಕಟುಕಟು ಗಟ್ಟಿ ಆಗ್ತದ, ಬಿಸಿ ಹುಟ್ಟತದ, ಕರಗುವಾಗ ಫಾರ್ಮಾಲ್ಡಿಹೈಡ್ ಬಿಡ್ತದ. ಇನ್ನೊಂದು ಫೈಬ್ರಿನ್ ಗಮ್, ಮನುಷ್ಯರ ರಕ್ತದ ಪ್ಲಾಸ್ಮಾದಿಂದ ಮಾಡೋದು, ಮೈಗೆ ಹೊಂದತದ, ಆದ್ರ ತುಟ್ಟಿ, ಮತ್ತ ಜೋರು ರಕ್ತ ಹರಿಯೋ ಜಾಗದಾಗ ಹಿಡಿಯೂದ್ರಾಗ ತೊಳ್ಕೊಂಡು ಹೋಗ್ತದ.

2021ರಾಗ ಅಮೆರಿಕದ ಎಂಐಟಿ ವಿಶ್ವವಿದ್ಯಾಲಯದವ್ರು ಒಂದು ಪೇಸ್ಟ್ ತೋರಿಸಿದ್ರು, ಅದು ಪಚ್ಚಿಲಿ ಅಲ್ಲ, ಬಾರ್ನಕಲ್ ನೋಡಿ ಮಾಡಿದ್ದು. ಹಡಗಿನ ತಳಕ್ಕ ಅಂಟಕೊಳ್ಳೋ ಬಿಳಿ ಚಿಪ್ಪು ಐತೆಲ್ಲ, ಅದು. ಬಾರ್ನಕಲ್ ಮೊದ್ಲ ಎಣ್ಣಿಯಂಥಾ ಜಿಡ್ಡು ಬಿಟ್ಟು ನೀರು, ಕೊಳಿ ಸರಿಸ್ತದ, ಆಮ್ಯಾಲೆ ಪ್ರೋಟೀನ್ ಬಿಡ್ತದ. ಇವ್ರೂ ಹಂಗೇ, ಅಂಟೋ ಸಣ್ಣ ಸಣ್ಣ ಕಣಗಳನ್ನ ಸಿಲಿಕೋನ್ ಎಣ್ಣಿಯಾಗ ಕಲಿಸಿದ್ರು, ಗಾಯದ ಮ್ಯಾಲೆ ಒತ್ತಿದ್ರ ಎಣ್ಣಿ ರಕ್ತಾನ ಬದಿಗೆ ತಳ್ತದ, ಕಣಗಳು ಟಿಶ್ಯೂನ ಹಿಡೀತಾವ, ಸುಮಾರು 15 ಸೆಕೆಂಡಿನಾಗ ರಕ್ತ ನಿಲ್ತದ. ಇಲಿ, ಹಂದಿ ಮ್ಯಾಲೆ ಮಾಡಿದ ಪ್ರಯೋಗ ಅದು. ನನಗ ಎಲ್ಲಾಕಿಂತ ದೊಡ್ಡದು ಅನ್ನಿಸಿದ್ದು ಏನಂದ್ರ, ರಕ್ತ ಹೆಪ್ಪುಗಟ್ಟೋದ್ರ ಮ್ಯಾಲೆ ಅದು ಅವಲಂಬಿಸಿಲ್ಲ, ಅಂದ್ರ ರಕ್ತ ತೆಳು ಮಾಡೋ ಗುಳಿಗಿ ತಗೊಳ್ಳೋ ಹಾರ್ಟ್ ಪೇಷಂಟಿಗೂ ನಡೀಬೇಕು. ಅಂಥವ್ರಿಗೆ ಫೈಬ್ರಿನ್ ಹಿಡಿಯೋ ತನಕ ಕಾಯೋ ಕಷ್ಟ ನಮಗೇ ಗೊತ್ತು.

ಇನ್ನ ಪಚ್ಚಿಲಿ ಮಾದರಿ ಗಮ್‌ನ ಬಸುರಿ ಹೊಟ್ಟಿಯಾಗಿನ ಕೂಸಿನ ಆಪರೇಷನ್‌ಗೆ ಅಂತ ಪ್ರಯೋಗ ಮಾಡ್ಯಾರ. ಕೂಸಿನ ಸುತ್ತಲಿನ ಪೊರಿಗೆ ತೂತು ಬಿದ್ರ ಅದು ತಾನಾಗೇ ಕೂಡಂಗಿಲ್ಲ, ನೀರು ಸೋರಿ ಹೆರಿಗಿ ಮೊದ್ಲ ಆಗೋ ಭಯ, ಪೊರಿ ಎಷ್ಟು ತೆಳು ಅಂದ್ರ ಹೊಲಿಗಿಯ ಮಾತೇ ಇಲ್ಲ. ಇದ್ಯಾವ್ದೂ ನಮ್ಮ ಓಟಿ ಟೇಬಲ್ ತನಕ ಇನ್ನೂ ಬಂದಿಲ್ಲ, ಬರ್ಲಿ ಅಂತ ನಾ ಕಾಯಾಕತ್ತೇನಿ.

ಮಲ್ಪೆ_ಯಾರ್ಡ್:

ಬಾರ್ನಕಲ್ ಅಂದ್ರಲ್ಲ, ನಂಗೆ ದಿನಾ ಅದ್ರದ್ದೇ ಕೆಲಸ ಮಾರಾಯ್ರೆ. ಬೋಟು ಮೇಲೆ ಎಳೆದ ಕೂಡಲೇ ಕೆರೀಬೇಕು, ಒಣಗಿದ್ರೆ ಇನ್ನೂ ಕಷ್ಟ. ಚಿಪ್ಪು ಏನೋ ಹಾರಿ ಹೋಗ್ತದೆ, ಆದ್ರೆ ಅಡಿಯಲ್ಲಿ ಒಂದು ದುಂಡಗಿನ ಬಿಳಿ ತಟ್ಟೆ ಹಾಗೇ ಉಳೀತದೆ, ಹತ್ರದಿಂದ ನೋಡಿದ್ರೆ ನಡುವಿಂದ ಅಂಚಿಗೆ ಗೆರೆ ಗೆರೆ ಕಾಣ್ತದೆ, ಅದನ್ನ ತೆಗೀಲಿಕ್ಕೆ ಹೋದ್ರೆ ಪೈಂಟೇ ಕಿತ್ತು ಬರ್ತದೆ. ಹಾಗೇ ಬಿಟ್ರೆ ತಳ ಒರಟಾಗಿ ನೀರು ಹಿಡೀತದೆ, ಡೀಸೆಲ್ ಜಾಸ್ತಿ ಕುಡೀತದೆ.

ಇದು ಚಿಕ್ಕದಿರುವಾಗ ನೀರಲ್ಲಿ ಈಜ್ತಾ ಇರ್ತದೆ. ಬೆಳೆದು ಕೂರುವ ಹೊತ್ತಿಗೆ ತಲೆ ಹತ್ರ ಇರುವ ಎರಡು ಮೀಸೆಯಲ್ಲಿ ನಡೀತಾ ನಡೀತಾ ಜಾಗ ಪರೀಕ್ಷೆ ಮಾಡ್ತದೆ, ಹಿಡಿಸದಿದ್ರೆ ಬಿಟ್ಟು ಹೋಗ್ತದೆ, ಹಿಡಿಸಿದ್ರೆ ತಲೆ ಕೆಳಗೆ ಮಾಡಿ ಸಿಮೆಂಟು ಬಿಟ್ಟು ಕೂತ್ರೆ ಮತ್ತೆ ಸಾಯುವವರೆಗೆ ಅಲ್ಲೇ. ಚಾರ್ಲ್ಸ್ ಡಾರ್ವಿನ್ 1846ರಿಂದ 1854ರವರೆಗೆ ಎಂಟು ವರ್ಷ ಬರೀ ಇದನ್ನೇ ಸೀಳಿ ಸೀಳಿ ನೋಡ್ತಾ ಕೂತಿದ್ದ, ಆ ಸಿಮೆಂಟಿನ ಗ್ರಂಥಿ ಬಗ್ಗೆಯೂ ಬರೆದಿದ್ದಾನೆ. ಮೇಲೆ ಕ್ಯಾಟೆಕಾಲ್ ಅವ್ರು ಹೇಳಿದ ಡೋಪಾ ಬಾರ್ನಕಲ್ ಸಿಮೆಂಟಿನಲ್ಲಿ ಇಲ್ಲ, ಇದ್ರ ದಾರಿಯೇ ಬೇರೆ.

ಗಮ್ ಅರ್ಥ ಮಾಡ್ಕೊಳ್ಳೋದ್ರಿಂದ ಅಂಟಿಸೋದು ಮಾತ್ರ ಅಲ್ಲ, ಅಂಟದ ಹಾಗೆ ಮಾಡೋದೂ ಸಾಧ್ಯ, ನಮ್ಗೆ ಬೇಕಾದ್ದು ಅದು. ಹಿಂದೆ ಹಡಗಿಗೆ ಟಿಬಿಟಿ ಅಂತ ತವರದ ವಿಷ ಇರುವ ಪೈಂಟು ಹಚ್ತಾ ಇದ್ರು, ಬಾರ್ನಕಲ್ ಬರ್ಲಿಲ್ಲ ನಿಜ, ಆದ್ರೆ ಬಂದರಿನ ಹೆಣ್ಣು ಶಂಖದ ಹುಳಗಳಿಗೆ ಗಂಡಿನ ಅಂಗ ಬೆಳೆದು ಸಂತಾನವೇ ನಿಂತು ಹೋಯ್ತು, ಫ್ರಾನ್ಸಿನಲ್ಲಿ ಸಿಂಪಿ ಸಾಕುವವ್ರಿಗೆ ದೊಡ್ಡ ಪೆಟ್ಟು ಬಿತ್ತು. ಅಂತಾರಾಷ್ಟ್ರೀಯ ಒಪ್ಪಂದ ಆಗಿ 2008ರಿಂದ ಅದು ನಿಷೇಧ. ಈಗ ತಾಮ್ರದ ಪೈಂಟು ಓಡ್ತಾ ಇದೆ, ಅದೂ ವಿಷವೇ. ಸಿಲಿಕೋನ್ ಕೋಟಿಂಗ್ ಬಂದಿದೆ, ಅದ್ರ ಮೇಲೆ ಸಿಮೆಂಟಿಗೆ ಸರಿ ಹಿಡಿತ ಸಿಗುವುದಿಲ್ಲ, ಹಡಗು ಜೋರು ಓಡಿದ್ರೆ ಉದುರಿ ಹೋಗ್ತದೆ. ನಮ್ಮ ಮೀನುಗಾರಿಕೆ ಬೋಟು ನಿಧಾನ, ಮಳೆಗಾಲದಲ್ಲಂತೂ ನಿಂತೇ ಇರ್ತದೆ, ಹಾಗಾಗಿ ಅದು ನಮ್ಗೆ ಅಷ್ಟು ಆಗಿ ಬರುವುದಿಲ್ಲ. ನಿಂತ ಬೋಟಿಗೂ ನಡೆಯುವ, ವಿಷ ಇಲ್ಲದ ಪೈಂಟು ಯಾರಾದ್ರೂ ಮಾಡಿದ್ರೆ ಇಡೀ ಕರಾವಳಿ ಅವ್ರಿಗೆ ಕೈ ಮುಗೀತದೆ.

ಪಡುಗಾಳಿ_ಬೈಂದೂರು:

ಇಷ್ಟೆಲ್ಲ ಇದೆ ಅಂತ ಗೊತ್ತೇ ಇರ್ಲಿಲ್ಲ, ಎಲ್ರಿಗೂ ಥ್ಯಾಂಕ್ಸ್. ಆದ್ರೆ ಒಂದು ಅರ್ಥ ಆಗ್ಲಿಲ್ಲ, ನಮ್ಮಲ್ಲಿ ಪಚ್ಚಿಲೆ ರಾಶಿ ರಾಶಿ ಸಿಗುತ್ತೆ, ನಾರನ್ನಂತೂ ಎಸೀತೀವಿ. ಅದನ್ನೇ ಒಟ್ಟು ಮಾಡಿ ಗಮ್ ತೆಗೆಯೋಕೆ ಆಗಲ್ವಾ? ಮೀನುಗಾರ ಹೆಂಗಸ್ರಿಗೆ ನಾಲ್ಕು ಕಾಸು ಆದ್ರೂ ಬರುತ್ತಲ್ಲ.

ಕ್ಯಾಟೆಕಾಲ್:

ಆಸೆ ಒಳ್ಳೇದು, ಆದ್ರೆ ಎಸೆಯೋ ನಾರಿಂದ ಆಗಲ್ಲ. ನಾರು ಅಂದ್ರೆ ಗಟ್ಟಿಯಾಗಿ ಮುಗಿದ ಗಮ್, ಒಂದಕ್ಕೊಂದು ಬೆಸೆದು ಹೋಗಿದೆ, ಮತ್ತೆ ಕರಗಿಸಿ ಹಚ್ಚೋ ಹಾಗಿಲ್ಲ. ತೆಗೆಯೋದಾದ್ರೆ ಪಾದದೊಳಗಿನ ಗ್ರಂಥಿಯಿಂದ, ಗಟ್ಟಿ ಆಗೋ ಮೊದ್ಲೇ ತೆಗೀಬೇಕು. ಹಾಗೆ ತೆಗೆದದ್ದು ಸೆಲ್-ಟಾಕ್ ಅಂತ ಲ್ಯಾಬುಗಳಿಗೆ ಮಾರಾಟಕ್ಕಿದೆ, ಜೀವಕೋಶಗಳನ್ನ ಗಾಜಿಗೆ ಅಂಟಿಸೋಕೆ ಉಪಯೋಗಿಸ್ತಾರೆ. ಆದ್ರೆ ಒಂದು ಗ್ರಾಂ ಪ್ರೋಟೀನಿಗೆ ಸುಮಾರು 10,000 ಪಚ್ಚಿಲೆ ಬೇಕು ಅಂತ ಲೆಕ್ಕ. ಒಂದು ಗ್ರಾಮಿಗೆ! ಊರಿನ ಬಂಡೆಯೆಲ್ಲ ಬೋಳಾದ್ರೂ ಒಂದು ಬಾಟ್ಲು ಗಮ್ ಆಗಲ್ಲ.

ಹಾಗಾಗಿ ಜನ ಬೇರೆ ದಾರಿ ಹಿಡಿದ್ರು. ದಕ್ಷಿಣ ಕೊರಿಯಾದ ಪೋಸ್ಟೆಕ್ ವಿಶ್ವವಿದ್ಯಾಲಯದವ್ರು ಪಚ್ಚಿಲೆ ಜಾತಿಯ ಜೀನ್ ತುಂಡುಗಳನ್ನ ಇ. ಕೋಲಿ ಬ್ಯಾಕ್ಟೀರಿಯಾಗೆ ಹಾಕಿ ಟ್ಯಾಂಕಲ್ಲಿ ಪ್ರೋಟೀನ್ ಬೆಳೆಸಿದ್ರು. ತೊಡಕು ಏನಂದ್ರೆ ಬ್ಯಾಕ್ಟೀರಿಯಾಗೆ ಟೈರೋಸಿನ್‌ನ ಡೋಪಾ ಮಾಡೋಕೆ ಬರಲ್ಲ, ಅದಕ್ಕೆ ಆಮೇಲೆ ಅಣಬೆಯಿಂದ ತೆಗೆದ ಎಂಜೈಮ್ ಹಾಕಿ ಮಾಡಿಸ್ಬೇಕು, ಎಲ್ಲಾ ಟೈರೋಸಿನ್ ಬದಲಾಗೋದೂ ಇಲ್ಲ.

ಇನ್ನೊಂದು ದಾರಿ ಪ್ರೋಟೀನನ್ನೇ ಬಿಟ್ಟು ಕ್ಯಾಟೆಕಾಲ್ ಮಾತ್ರ ತಗೊಳ್ಳೋದು. ಅಮೆರಿಕದ ಪರ್ಡ್ಯೂ ವಿಶ್ವವಿದ್ಯಾಲಯದ ಜೊನಾಥನ್ ವಿಲ್ಕರ್ ತಂಡದವ್ರು ಥರ್ಮಾಕೋಲ್ ಮಾಡೋ ಪಾಲಿಸ್ಟೈರೀನ್ ಸರಪಳಿಗೇ ಅಲ್ಲಲ್ಲಿ ಕ್ಯಾಟೆಕಾಲ್ ಸೇರಿಸಿದ್ರು, 2017ರಲ್ಲಿ ಅದು ನೀರೊಳಗೆ ಅಂಗಡಿ ಗಮ್‌ಗಳಿಗಿಂತ ಗಟ್ಟಿ ಹಿಡೀತು ಅಂತ ತೋರಿಸಿದ್ರು. ಡೋಪಾದ ಹತ್ತಿರದ ನೆಂಟ ಡೋಪಮೈನ್‌ನ ಸ್ವಲ್ಪ ಕ್ಷಾರ ಇರೋ ನೀರಲ್ಲಿ ಕರಗಿಸಿ ಯಾವ ವಸ್ತು ಅದ್ದಿಟ್ರೂ ಅದ್ರ ಮೇಲೆ ತೆಳು ಕಪ್ಪು ಪದರ ಕೂರುತ್ತೆ, ಏನೂ ಅಂಟದ ಟೆಫ್ಲಾನ್ ಮೇಲೂ! 2007ರ ಆ ಪೇಪರ್ ಬಂದ್ಮೇಲೆ ಲ್ಯಾಬ್ ಲ್ಯಾಬಲ್ಲೂ ಇದೇ ಮಾಡ್ತಿದಾರೆ, ಯಾಕಂದ್ರೆ ಆ ಪದರದ ಮೇಲೆ ಮತ್ತೆ ಬೇಕಾದ್ದು ಅಂಟಿಸ್ಬಹುದು.

ಆದ್ರೆ ಜನಸಾಮಾನ್ಯರ ಮನೆಗೆ ನಿಜವಾಗಿ ಬಂದಿರೋದು ಪ್ಲೈವುಡ್ಡು. ಆರೆಗಾನ್ ಸ್ಟೇಟ್ ಯೂನಿವರ್ಸಿಟಿಯ ಕೈಚಾಂಗ್ ಲೀ ಅನ್ನೋರು ಅಲ್ಲಿನ ಕಡಲ ಬಂಡೆ ಮೇಲೆ ಅಲೆಗೆ ಜಗ್ಗದ ಪಚ್ಚಿಲೆ ಜಾತಿಯನ್ನ ನೋಡಿ, ಈ ಪ್ರೋಟೀನ್ ಸಿಗಲ್ಲ, ಆದ್ರೆ ಸೋಯಾ ಹಿಟ್ಟಿನ ಪ್ರೋಟೀನ್ ಅಗ್ಗಕ್ಕೆ ಸಿಗುತ್ತಲ್ಲ, ಅದನ್ನ ಹಾಗೆ ಕೆಲಸ ಮಾಡಿಸೋಣ ಅಂತ ಹೊರಟ್ರು. ಪೇಪರ್ ಮಿಲ್ಲಲ್ಲಿ ಬಳಸೋ ಒಂದು ರೆಸಿನ್ ಬೆರೆಸಿದಾಗ ಸೋಯಾ ಗಮ್ ನೀರಿಗೆ ತಡ್ಕೊಳ್ಳೋ ಹಾಗಾಯ್ತು. ಮಾಮೂಲಿ ಪ್ಲೈವುಡ್ ಗಮ್ಮಲ್ಲಿ ಫಾರ್ಮಾಲ್ಡಿಹೈಡ್ ಇರುತ್ತೆ, ಹೊಸ ಕಪಾಟು ತಂದಾಗ ಕಣ್ಣು ಉರಿಯೋದು ಅದಕ್ಕೇ, ಕ್ಯಾನ್ಸರ್ ತರೋ ವಸ್ತು ಅಂತ ಪಟ್ಟಿಯಲ್ಲಿದೆ. ಈ ಸೋಯಾ ಗಮ್ಮಿಗೆ 2007ರಲ್ಲಿ ಅಮೆರಿಕ ಸರ್ಕಾರದ ಗ್ರೀನ್ ಕೆಮಿಸ್ಟ್ರಿ ಪ್ರಶಸ್ತಿ ಬಂತು. ಸೋಯಾ ನಮ್ಮ ಬೀದರ್, ಧಾರವಾಡ ಕಡೆ ಬೆಳೀತಾರೆ, ನಮ್ಮಲ್ಲೂ ಯಾರಾದ್ರೂ ಈ ದಾರಿ ಹಿಡೀಬೇಕು ಅಂತ ನನ್ನ ಆಸೆ. ಪಚ್ಚಿಲೆ ಬಂಡೆ ಮೇಲೇ ಇರ್ಲಿ.

ದೋಣಿ ಬಗ್ಗೆ ಕೇಳಿದ್ರಿ, ನೀರಲ್ಲೂ ಹಿಡಿಯೋ ಎಪಾಕ್ಸಿ ಪುಟ್ಟಿ ಈಗಾಗ್ಲೇ ಮಾರ್ಕೆಟ್ಟಲ್ಲಿ ಸಿಗುತ್ತೆ, ತಾತ್ಕಾಲಿಕಕ್ಕೆ ಸಾಕು, ಗಟ್ಟಿಯಾಗಿ ಒತ್ತಿ ಉಜ್ಜಿ ನೀರಿನ ಪದರ ಓಡಿಸ್ಬೇಕು. ಪಚ್ಚಿಲೆ ಮಾದರಿ ಗಮ್ ಸದ್ಯಕ್ಕೆ ತುಂಬಾ ದುಬಾರಿ, ಮೊದ್ಲು ಬರೋದು ಆಪರೇಷನ್ ಥಿಯೇಟರಿಗೇ.

ಮರಳುಗೂಡು:

ಯಾರೂ ಇನ್ನೂ ಹೇಳಿಲ್ಲ ಅಂತ ಇದೊಂದು ಸೇರಿಸ್ತೀನಿ. ಕ್ಯಾಲಿಫೋರ್ನಿಯಾ ಕರಾವಳಿಯಲ್ಲಿ ಒಂದು ಹುಳ ಇದೆ, ಸ್ಯಾಂಡ್‌ಕ್ಯಾಸಲ್ ವರ್ಮ್ ಅಂತಾರೆ, ಕೆಲವೇ ಸೆಂಟಿಮೀಟರ್ ಉದ್ದ. ನೀರಲ್ಲಿ ತೇಲಿ ಬರೋ ಮರಳಿನ ಕಾಳನ್ನ ಒಂದೊಂದಾಗಿ ಹಿಡಿದು, ತಿರುಗಿಸಿ ನೋಡಿ, ಎರಡು ಚುಕ್ಕಿ ಗಮ್ ಇಟ್ಟು, ತನ್ನ ಕೊಳವೆಯ ಅಂಚಿಗೆ ಒತ್ತಿ ಹಿಡಿಯುತ್ತೆ, ಅರ್ಧ ನಿಮಿಷದಲ್ಲಿ ಸೆಟ್! ಇದ್ರ ಗಮ್ಮಲ್ಲಿ ಒಂದು ಪ್ರೋಟೀನ್ ತುಂಬಾ ಫಾಸ್ಫೇಟ್ ಹೊತ್ತು ನೆಗೆಟಿವ್, ಇನ್ನೊಂದು ಪಾಸಿಟಿವ್, ಇವು ಸೇರಿದಾಗ ನೀರಲ್ಲಿ ಕರಗದೆ ದಪ್ಪ ದ್ರವವಾಗಿ ಬೇರೆಯಾಗಿ ನಿಲ್ತವೆ, ಅದಕ್ಕೇ ಸಮುದ್ರ ಅದನ್ನ ತೊಳೆದು ಹಾಕಲ್ಲ. ಯೂಟಾ ವಿಶ್ವವಿದ್ಯಾಲಯದ ರಸೆಲ್ ಸ್ಟೀವರ್ಟ್ ಇದನ್ನೇ ನಕಲು ಮಾಡಿ ಮೈ ಒಳಗೆ ಸೂಜಿಯಿಂದ ಬಿಡೋ ಗಮ್ ಮಾಡ್ತಿದಾರೆ, ಮುರಿದ ಮೂಳೆಯ ಪುಡಿ ಪುಡಿ ಚೂರುಗಳನ್ನ ಜೋಡಿಸೋಕೆ ಅಂತ.

ಮತ್ತೆ ನಕ್ಷತ್ರ ಮೀನಿಗೆ ಅಂಟೋದೂ ಗೊತ್ತು, ಬಿಡೋದೂ ಗೊತ್ತು. ಅದ್ರ ಕೊಳವೆ ಕಾಲಿನ ತುದೀಲಿ ಗಮ್ ಬಿಡೋ ಕೋಶ ಬೇರೆ, ಬಿಡಿಸೋ ಕೋಶ ಬೇರೆ. ನಡೆದು ಹೋದ ಜಾಗದಲ್ಲಿ ಗಮ್ಮಿನ ಹೆಜ್ಜೆ ಗುರುತು ಉಳಿದಿರುತ್ತೆ. ಬ್ಯಾಂಡೇಜ್ ಕೀಳುವಾಗ ಮುದುಕರ ತೆಳು ಚರ್ಮ ಹರಿಯೋದು ನೋಡಿದ್ರೆ, ಬೇಕಾದಾಗ ಬಿಡೋ ಗಮ್ ಎಷ್ಟು ಅಗತ್ಯ ಅಂತ ಅನ್ಸುತ್ತೆ.

ಕಾಸ್ರೋಡ್_ಹಿನ್ನೀರು:

ನಮ್ಮ ಕಾಸರಗೋಡು ಜಿಲ್ಲೆಯ ಪಡನ್ನ, ಚೆರುವತ್ತೂರು ಕಡೆ ಪಚ್ಚಿಲೆ ಕೃಷಿ ದೊಡ್ಡದು, ಇಡೀ ಕೃಷಿ ನಿಂತಿರೋದೇ ಈ ಗಮ್ಮಿನ ಮೇಲೆ. ಮರಿ ಪಚ್ಚಿಲೆಗಳನ್ನ ಹಗ್ಗದ ಸುತ್ತ ಇಟ್ಟು ತೆಳು ಹತ್ತಿ ಬಲೆ ಬಟ್ಟೆ ಸುತ್ತಿ ಹೊಲಿದು ನೀರಿಗೆ ಇಳಿಸ್ತಾರೆ. ಬಟ್ಟೆ ಕೆಲವೇ ದಿನದಲ್ಲಿ ಕೊಳೆತು ಹೋಗ್ತದೆ, ಅಷ್ಟರೊಳಗೆ ಮರಿಗಳು ನಾರು ಹಾಕಿ ಹಗ್ಗ ಹಿಡಿದಿರ್ಬೇಕು, ಹಿಡೀದಿದ್ರೆ ಕೆಳಗೆ ಕೆಸರಿಗೆ ಬಿದ್ದು ಸಾಯ್ತವೆ, ರೈತನ ದುಡ್ಡು ಹೋಯ್ತು.

ಕ್ಯಾಟೆಕಾಲ್ ಅವ್ರು ಪಿಎಚ್ ಬಗ್ಗೆ ಹೇಳಿದ್ದು ಓದಿ ನಂಗೆ ಹೊಳೆದದ್ದು ಇದು. ಗಾಳಿಯ ಕಾರ್ಬನ್ ಡೈಆಕ್ಸೈಡ್ ಕರಗಿ ಸಮುದ್ರ ನಿಧಾನಕ್ಕೆ ಹುಳಿ ಕಡೆ ಹೋಗ್ತಾ ಇದೆ. ಬಿಲ್ಲೆ ಗಟ್ಟಿ ಆಗೋಕೆ ಹೊರಗಿನ ನೀರು ಕ್ಷಾರ ಇರ್ಬೇಕಲ್ವಾ? ಅಮೆರಿಕದ ವಾಷಿಂಗ್ಟನ್ ವಿಶ್ವವಿದ್ಯಾಲಯದವ್ರು ಅಲ್ಲಿನ ಜಾತಿಯನ್ನ ಹೆಚ್ಚು ಕಾರ್ಬನ್ ಡೈಆಕ್ಸೈಡ್ ಇರೋ ನೀರಲ್ಲಿಟ್ಟು ನೋಡಿದ್ರು, 2013ರಲ್ಲಿ ಬಂದ ಫಲಿತಾಂಶದ ಪ್ರಕಾರ ಒಟ್ಟು ಹಿಡಿತ ಶೇ. 40ರಷ್ಟು ಕಮ್ಮಿ ಆಗಿತ್ತು. ಹಗ್ಗದಿಂದ ಪಚ್ಚಿಲೆ ಉದುರೋದು ಅಂದ್ರೆ ನಮ್ಮಲ್ಲಿ ಎಷ್ಟೋ ಹೆಂಗಸರ ಸಂಘಗಳ ವರ್ಷದ ಆದಾಯ. ನಮ್ಮ ಹಸಿರು ಪಚ್ಚಿಲೆ ಮೇಲೂ, ನಮ್ಮ ಹಿನ್ನೀರಲ್ಲೇ, ಮಳೆಗಾಲದ ಸಿಹಿ ನೀರು ಸೇರುವಾಗಲೂ ಇದನ್ನ ಅಳೀಬೇಕು. ಗಮ್ ಮಾಡೋ ದುಡ್ಡಲ್ಲಿ ಸ್ವಲ್ಪ ಇದಕ್ಕೂ ಬರ್ಲಿ.

ಪಡುಗಾಳಿ_ಬೈಂದೂರು:

ಇದು ಅಣ್ಣನಿಗೂ ಓದಿ ಹೇಳ್ತೀನಿ. ಕೊನೇ ಪ್ರಶ್ನೆ, ಪಾದ ಚಾಚಿ ಬಿಲ್ಲೆ ಹಾಕೋದನ್ನ ಕಣ್ಣಾರೆ ನೋಡೋಕೆ ಸಾಧ್ಯಾನಾ? ತಂಗಿ ಹೈಸ್ಕೂಲಲ್ಲಿ ಸೈನ್ಸ್ ಟೀಚರು, ಮಕ್ಕಳಿಗೆ ತೋರಿಸ್ಬಹುದಾ ಅಂತ.

ಕ್ಯಾಟೆಕಾಲ್:

ಖಂಡಿತ, ಮೈಕ್ರೋಸ್ಕೋಪೂ ಬೇಡ. ಗಾಜಿನ ತೊಟ್ಟೀಲಿ ಕಡಲ ನೀರೇ ತುಂಬಿ, ಗಾಳಿ ಬಿಡೋ ಅಕ್ವೇರಿಯಂ ಪಂಪ್ ಹಾಕಿ, ಸಣ್ಣ ಪಚ್ಚಿಲೆ ನಾಲ್ಕೈದು ಸಾಕು. ಹಳೇ ನಾರನ್ನ ಎಳೀಬೇಡಿ, ಒಳಗಿನ ಬುಡ ಕಿತ್ತು ಬಂದ್ರೆ ಪ್ರಾಣಿಗೆ ಪೆಟ್ಟು, ಕತ್ತರೀಲಿ ಚಿಪ್ಪಿನ ಹತ್ರ ಕತ್ತರಿಸಿ. ಗಾಜಿಗೆ ತಾಗೋ ಹಾಗೆ ಮಲಗಿಸಿ ಅಲ್ಲಾಡಿಸದೆ ಬಿಟ್ರೆ ಸಾಮಾನ್ಯವಾಗಿ ಮರುದಿನದೊಳಗೆ ಎಳೆ ಹಾಕಿರ್ತವೆ, ತೊಟ್ಟಿ ಹೊರಗಿಂದ ಗಾಜಿನ ಮೂಲಕ ಭೂತಗನ್ನಡಿ ಹಿಡಿದ್ರೆ ಬಿಲ್ಲೆ ಗಾಜಿಗೆ ಕೂತಿರೋ ಮುಖವೇ ಕಾಣುತ್ತೆ. ಹೊಸ ಎಳೆ ಬಿಳಿಚಾಗಿರುತ್ತೆ, ದಿನ ಕಳೆದ ಹಾಗೆ ಕಂದು ಆಗುತ್ತೆ. ಮುಗಿದ್ಮೇಲೆ ತಂದ ಜಾಗಕ್ಕೇ ವಾಪಸ್ ಬಿಡೋಕೆ ಮಕ್ಕಳಿಗೆ ಹೇಳಿ.